ಐದು ಸಾವಿರದೊಳಗಿನ ಕಳ್ಳ

ಅಮ್ಮನ ಶುಗರ್ ಸ್ಟ್ರಿಪ್ಪು, ಮೊಣಕಾಲಿನ ಬೆಲ್ಟು, ಎರಡೂ ಸೇರಿ 2,140 ರೂಪಾಯಿ. ಪಾರ್ವತಿನಗರದ ನಮ್ಮನೆ ಗೇಟಿಗೆ ಡೆಲಿವರಿ ಹುಡುಗ ಕವರ್ ನೇತುಹಾಕಿ, ಫೋಟೋ ಹೊಡೆದು, 'ಡೆಲಿವರ್ಡ್' ಅಂತ ಒತ್ತಿ ಹೋದ. ಅಮ್ಮ ಕೋಲು ಹಿಡಿದು ಗೇಟಿನ ತನಕ ಬರೋಷ್ಟರಲ್ಲಿ ಕವರ್ ಇಲ್ಲ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಬಳ್ಳಾರಿ ಬಿಸಿಲಲ್ಲಿ ಅವನಿಗೆ ಇನ್ನೂ ನಲವತ್ತು ಮನೆ ಬಾಕಿ ಇದ್ದಿರಬೇಕು.

ಠಾಣೆಗೆ ಹೋದೆ. "ಎಷ್ಟ್ರೀ ಅದರ ರೇಟು? ಐದ್ ಸಾವಿರದೊಳಗೈತಾ? ಹಂಗಾದ್ರೆ ಎಫ್‌ಐಆರ್ ಆಗಲ್ಲ, ಬಿಡ್ರೀ."

ಬೈಕೊಂಡು ಮನೆಗೆ ಬಂದು ಕಾನೂನು ತೆಗೆದು ನೋಡಿದರೆ ಅವರು ಹೇಳಿದ್ದು ಸುಳ್ಳಲ್ಲ. ಹಳೇ ದಂಡಸಂಹಿತೆಯಲ್ಲಿ ಹತ್ತು ರೂಪಾಯಿ ಕದ್ದರೂ ಪೊಲೀಸರು ನೇರವಾಗಿ ತನಿಖೆ ಮಾಡಬಹುದಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ, ಐದು ಸಾವಿರಕ್ಕಿಂತ ಕಡಿಮೆ ಮಾಲು, ಮೊದಲನೇ ಸಲದ ಕಳ್ಳ, ಮಾಲು ವಾಪಸ್ ಕೊಟ್ಟ ಅಂದರೆ ಶಿಕ್ಷೆ ಸಮುದಾಯ ಸೇವೆ. ಒಳ್ಳೇದೇ, ಸಣ್ಣ ಕಳವಿಗೆ ಹುಡುಗರನ್ನ ಜೈಲಿಗೆ ಹಾಕಿ ಪಳಗಿಸೋದು ಬೇಡ. ಆದರೆ ಜೊತೆಗೇ ಅದನ್ನು ಅಸಂಜ್ಞೇಯ ಅಪರಾಧವನ್ನಾಗಿಯೂ ಮಾಡಿಬಿಟ್ಟರು. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ.

ಸ್ವಾಮೀ, ಕಳ್ಳ ಯಾರಂತಲೇ ಗೊತ್ತಿಲ್ಲ. ಅವನು ಮೊದಲನೇ ಸಲದವನೋ ನೂರನೇ ಸಲದವನೋ, ಮಾಲು ವಾಪಸ್ ಕೊಡ್ತಾನೋ ಇಲ್ಲವೋ ಹುಡುಕದೆ ತಿಳಿಯೋದು ಹೇಗೆ? ಶಿಕ್ಷೆ ಕಡಿಮೆ ಮಾಡಿ, ತಕರಾರಿಲ್ಲ. ಹುಡುಕೋದನ್ನೇ ಯಾಕೆ ನಿಲ್ಲಿಸಿದಿರಿ?

ಹೊಸ ಕಾನೂನು ಸಂತ್ರಸ್ತರ ಪರ ಅಂತ ಎಷ್ಟು ಭಾಷಣ ಕೇಳಿದೆವು! ಎಫ್‌ಐಆರ್ ಪ್ರತಿ ಪುಕ್ಕಟೆ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ತಿಳಿಸಬೇಕು. ಎಫ್‌ಐಆರೇ ಇಲ್ಲದವರಿಗೆ ಇವೆಲ್ಲ ಎಲ್ಲಿಂದ ಬರಬೇಕು? ತಿಂಗಳಿಗೆ ಹನ್ನೆರಡು ಸಾವಿರಕ್ಕೆ ಜೀನ್ಸ್ ಹೊಲಿಯೋ ಹೆಣ್ಣುಮಗಳ 4,900 ರೂಪಾಯಿ ಫೋನ್ ಹೋದರೆ ಅದು 'ಸಣ್ಣ' ಕಳವು ಅಂತ ಯಾರ ಜೇಬು ನೋಡಿ ಅಳೆದರು?

ಅಂಚೆಯ ಕಥೆಯೂ ಹಂಗೇ. 1898ರ ಕಾಯ್ದೆಯಲ್ಲಿ ಟಪಾಲು ಕದ್ದ ಅಂಚೆ ನೌಕರನಿಗೆ ಏಳು ವರ್ಷದ ತನಕ ಜೈಲಿತ್ತು. 2023ರ ಹೊಸ ಅಂಚೆ ಕಾಯ್ದೆಯಲ್ಲಿ ಆ ಕಲಮೇ ಇಲ್ಲ, ಸಾಮಾನ್ಯ ಸಂಹಿತೆಯೇ ಗತಿ. ಇಲಾಖೆಗೆ ಹೊಣೆಗಾರಿಕೆಯಿಂದ ಕೊಟ್ಟ ರಕ್ಷಣೆ ಮಾತ್ರ ಜೋಪಾನವಾಗಿ ಉಳಕೊಂಡಿದೆ.

ಕಂಪನಿಯದು ಒಂದೇ ಮಂತ್ರ: "ಸರ್, ಫೋಟೋ ಇದೆ." ಫೋಟೋದಲ್ಲಿರೋದು ನಮ್ಮ ಗೇಟು, ಅಮ್ಮನ ಕೈಯಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮದೇ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಿ. ಕಂಪನಿ ಗುರುಗ್ರಾಮದಲ್ಲಿದ್ದರೂ ಕೇಸು ಬಳ್ಳಾರಿಯಲ್ಲೇ ಹಾಕಬಹುದು, ಐದು ಲಕ್ಷದ ತನಕ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷ ಟೈಮಿದೆ.

ಮರುದಿನ ಠಾಣೆಗೆ ವಾಪಸ್ ಹೋಗಿ, ಎಫ್‌ಐಆರ್ ಬೇಡ, ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ಪುಸ್ತಕದಲ್ಲಾದರೂ ಬರೆದುಕೊಳ್ಳಿ ಅಂತ ಪಟ್ಟು ಹಿಡಿದೆ. ಬರೆದುಕೊಂಡರು. ಆ ಕಾಗದದ ಫೋಟೋ ಕಳಿಸಿದ ಮೇಲೆ ಕಂಪನಿಯೂ ದುಡ್ಡು ವಾಪಸ್ ಹಾಕಿತು.

ಎದುರುಮನೆಯವರ ಕ್ಯಾಮೆರಾದಲ್ಲಿ ಕವರ್ ಬಿಚ್ಚಿಕೊಂಡು ಹೋದವನ ಮುಖ ಸ್ಪಷ್ಟವಾಗಿದೆ. ಹದಿನೈದು ದಿನಕ್ಕೆ ಅದು ತಾನಾಗೇ ಅಳಿಸಿಹೋಗುತ್ತಂತೆ. ಇವತ್ತಿಗೆ ಹನ್ನೊಂದನೇ ದಿನ, ಯಾರೂ ಕೇಳಿಕೊಂಡು ಬಂದಿಲ್ಲ.