ಸಕ್ರಮ ಬೇಡ, ಸರ್ವೆಯಾದರೂ ಆಗಲಿ



ಇಮೇಲ್ ಸರ್ವರ್‌ಗಳು ಮನಸ್ಸಿಗೆ ಬಂದಂತೆ ಕೊಡುವ ಅನಧಿಕೃತ ಉತ್ತರ ಸಂಖ್ಯೆಗಳನ್ನು ತಾಂತ್ರಿಕ ಮಾನದಂಡಗಳಲ್ಲಿ ದಾಖಲಿಸುವುದು ‘ಅಕ್ರಮ-ಸಕ್ರಮ’ ಮಾಡಿದಂತೆ ಎಂದು ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದ ಲೇಖಕರು ಹಂಗಿಸಿದ್ದಾರೆ. ಮೇಲ್ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಸಕ್ರಮ ಮಾಡಿ ಎಂದು ನಮ್ಮಂಥವರು ಕೇಳುತ್ತಿಲ್ಲ. ಸರ್ವೆ ಮಾಡಿ ಎನ್ನುತ್ತಿದ್ದೇವೆ, ಅಷ್ಟೇ.

ಒಂದು ಸರ್ವರ್ ಇನ್ನೊಂದಕ್ಕೆ ಮೇಲ್ ದಾಟಿಸುವಾಗ ಪ್ರತಿ ಆದೇಶಕ್ಕೂ ಮೂರಂಕಿಯ ಉತ್ತರ ಬರುತ್ತದೆ. 250 ಎಂದರೆ ಸರಿ. 550 ಎಂದರೆ ಆ ಮೇಲ್‌ಬಾಕ್ಸ್‌ಗೆ ತಲುಪಿಸಲಾಗದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ಮಾನದಂಡದ ದಾಖಲೆ ಆರ್‌ಎಫ್‌ಸಿ 821ರಲ್ಲಿ ಇಂಥ ಪಟ್ಟಿ ಇತ್ತು, 2008ರ ಆರ್‌ಎಫ್‌ಸಿ 5321ರಲ್ಲೂ ಇದೆ. 471, 541 ಮೊದಲಾದವು ಈ ಪಟ್ಟಿಯಲ್ಲಿಲ್ಲ, ಆದರೂ ಬಳಕೆಯಲ್ಲಿವೆ.

ಮೊದಲ ಅಂಕಿ ನೋಡಿದರೆ ಸಾಕಲ್ಲ ಎನ್ನುತ್ತಾರೆ ಲೇಖಕರು. ಯಂತ್ರಕ್ಕೆ ಸಾಕು, ಒಪ್ಪಿದೆ. 4 ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸು, 5 ಇದ್ದರೆ ಕೈಬಿಟ್ಟು ಕಳಿಸಿದವರಿಗೆ ತಿಳಿಸು. ತೊಂದರೆ ಇರುವುದೇ ಇಲ್ಲಿ. 471ಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ, ಸ್ಪ್ಯಾಮ್ ಫಿಲ್ಟರ್ ತಡೆದಿದೆ ಎಂದು. ಮೊದಲ ಅಂಕಿ 4 ಆದ್ದರಿಂದ ನಮ್ಮ ಸರ್ವರ್ ಪಾಪ, ಮೇಲನ್ನು ಕ್ಯೂನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ಕನಿಷ್ಠ ನಾಲ್ಕೈದು ದಿನವಾದರೂ ಪ್ರಯತ್ನ ಬಿಡಬಾರದು ಎನ್ನುತ್ತದೆ 5321. ಫಿಲ್ಟರ್ ಮನಸ್ಸು ಬದಲಿಸದಿದ್ದರೆ, ಉದಾಹರಣೆಗೆ ಟೆಂಡರ್ ಕಳಿಸಿದವರಿಗೆ ಅದು ಹೋಗಿಲ್ಲವೆಂಬ ಸಂಗತಿ ಗೊತ್ತಾಗುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ‘ಈ ಸಂಖ್ಯೆ ಕಂಡರೆ ಕಾಯಬೇಡಿ, ಆ ಕಡೆಯವರಿಗೆ ಫೋನ್ ಮಾಡಿ’ ಎಂಬ ಸುಳಿವು ಅಧಿಕೃತ ದಾಖಲೆಯ ಯಾವ ಮೂಲೆಯಲ್ಲೂ ಇಲ್ಲ. ಯಾರೋ ಎಂದೋ ಬರೆದ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ ಪಟ್ಟಿಗಳೇ ನಮಗೆ ಗತಿ.

521ರ ಕಥೆಯನ್ನು ಲೇಖಕರು ಯಾಕೆ ಬಿಟ್ಟರೋ ತಿಳಿಯದು. ‘ಇಲ್ಲಿ ಮೇಲ್ ತೆಗೆದುಕೊಳ್ಳುವುದಿಲ್ಲ’ ಎನ್ನುವ ಈ ಸಂಖ್ಯೆ 1995ರಲ್ಲಿ ಪ್ರಾಯೋಗಿಕ ದಾಖಲೆಯೊಂದರಲ್ಲಿ ಬಂತು. ಎಲ್ಲೆಡೆ ಬಳಕೆಗೂ ಬಂತು. ಆದರೆ 2001ರಲ್ಲಿ ಮುಖ್ಯ ಮಾನದಂಡ ಪರಿಷ್ಕಾರವಾದಾಗ ಅದಕ್ಕೆ ಜಾಗ ಸಿಗಲಿಲ್ಲ, 2008ರಲ್ಲೂ ಸಿಗಲಿಲ್ಲ. ಕೊನೆಗೆ 2015ರಲ್ಲಿ ಆರ್‌ಎಫ್‌ಸಿ 7504 ಬರೆದು ಸೇರಿಸಿಕೊಂಡರು. ಇಪ್ಪತ್ತು ವರ್ಷ! ಅಷ್ಟು ಕಾಲ ಮುಖ್ಯ ಮಾನದಂಡದಲ್ಲಿ ದಾಖಲಿಸದೆ ಇದ್ದುದರಿಂದ ಯಾರಾದರೂ 521 ಬಳಸುವುದನ್ನು ನಿಲ್ಲಿಸಿದರೇ?

ದಾಖಲಿಸಿದರೆ ಮಾನ್ಯತೆ ಕೊಟ್ಟಂತೆ ಎಂಬುದೂ ಸುಳ್ಳು. ವೆಬ್‌ನ 418 ಎಂಬ ಸಂಖ್ಯೆ ಹುಟ್ಟಿದ್ದು 1998ರ ಏಪ್ರಿಲ್ ಫೂಲ್ ತಮಾಷೆಯೊಂದರಲ್ಲಿ, ‘ನಾನು ಟೀ ಪಾಟ್’ ಎಂದು ಹೇಳಲಿಕ್ಕೆ. ಜನ ಅದನ್ನು ನಿಜಕ್ಕೂ ಬಳಸತೊಡಗಿದರು. 2022ರ ಆರ್‌ಎಫ್‌ಸಿ 9110 ಅದಕ್ಕೆ ಮಾನ್ಯತೆ ಕೊಡಲಿಲ್ಲ. ತಮಾಷೆಗೆ ಬಳಸಿ ಬಳಸಿ ಈ ಸಂಖ್ಯೆ ಬೇರೆ ಕೆಲಸಕ್ಕೆ ಬಾರದಂತಾಗಿದೆ ಎಂದು ಬರೆದು ಕಾದಿರಿಸಿತು. ಇಮೇಲ್‌ಗೂ ಇದೇ ಸಾಕು.

ಎರಡು ಕಂಪನಿಗಳು ಒಂದೇ ಸಂಖ್ಯೆಗೆ ಬೇರೆ ಬೇರೆ ಅರ್ಥ ಕೊಟ್ಟರೆ ಏನು ಮಾಡುವುದು ಎಂಬ ಅವರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಎರಡನ್ನೂ ಬರೆಯಲಿ. ಮೂರಂಕಿಯ ಉತ್ತರದ ಜೊತೆಗೆ ಬರುವ 5.7.1ರಂಥ ವಿಸ್ತೃತ ಸಂಕೇತಗಳಿಗೆ, ಇಂಟರ್ನೆಟ್ ಸಂಖ್ಯೆಗಳ ನೋಂದಣಿ ನೋಡಿಕೊಳ್ಳುವ ಐಎಎನ್‌ಎ ಬಳಿ 2008ರಿಂದಲೇ ನೋಂದಣಿ ಪುಸ್ತಕವಿದೆ. ಮೂರಂಕಿಯವಕ್ಕೂ ಅಂಥದ್ದೊಂದು ತೆರೆದು, ‘ಬಳಕೆಯಲ್ಲಿದೆ, ಹೊಸದಾಗಿ ಬಳಸಬೇಡಿ’ ಎಂಬ ಕಾಲಂ ಇಟ್ಟರಾಯಿತು.

— ಒಬ್ಬ ಮೇಲ್ ಸರ್ವರ್ ನಿರ್ವಾಹಕ, ಮೈಸೂರು