ಮನಸ್ಸಿನ ಏರಿಳಿತ: ಸಂಘಗಳು ಬಾಯಿ ಬಿಡಬೇಕು

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಪುಣೆಯ ಕೊಂಢವಾ ಪರಿಸರದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹೋಟೆಲ್ ಕೆಲಸದವರೂ ಇದ್ದಾರೆ, ಐಟಿ ಉದ್ಯೋಗಿಗಳೂ ಇದ್ದಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸಂಘಗಳು ತಪಾಸಣಾ ಶಿಬಿರ ಏರ್ಪಡಿಸುವುದು ಶ್ಲಾಘನೀಯ. ಆದರೆ ಮನಸ್ಸಿನ ಕಾಯಿಲೆಯ ಮಾತೆತ್ತಿದರೆ ಎಲ್ಲರೂ ಮೌನ. ಮಕ್ಕಳಿಗೆ ಸಂಬಂಧ ಕೂಡಿಬರದು, ಊರಲ್ಲಿ ಹೆಸರು ಕೆಟ್ಟೀತು ಎಂಬ ಅಂಜಿಕೆ. ಬೈಪೋಲಾರ್ ಕಾಯಿಲೆಯಲ್ಲಿ ಈ ಮೌನ ಜೀವಕ್ಕೇ ಎರವಾಗಬಹುದು.

ಈ ಕಾಯಿಲೆಯಲ್ಲಿ ಕೆಲವು ಕಾಲ ಮಿತಿಮೀರಿದ ಉತ್ಸಾಹ, ನಿದ್ದೆಯಿಲ್ಲದ ಓಡಾಟ, ಕೈಬಿಟ್ಟ ಖರ್ಚು. ಮತ್ತೆ ಕೆಲವು ಕಾಲ ಹಾಸಿಗೆಯಿಂದ ಏಳಲೂ ಆಗದ ಖಿನ್ನತೆ. ಮನೆಯವರು ಮೊದಲನೆಯದನ್ನು ಅಹಂಕಾರವೆಂದೂ ಎರಡನೆಯದನ್ನು ಸೋಮಾರಿತನವೆಂದೂ ತಿಳಿಯುತ್ತಾರೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಈ ಕಾಯಿಲೆಯಿದ್ದ ನೂರರಲ್ಲಿ ಸುಮಾರು 70 ಮಂದಿ ಚಿಕಿತ್ಸೆಯಿಂದ ಹೊರಗುಳಿದಿದ್ದರು.

ಅಪಾಯದ ಸೂಚನೆಗಳನ್ನು ನಾವೆಲ್ಲ ತಿಳಿದಿರಬೇಕು. ‘ನಾನಿದ್ದು ಏನು ಪ್ರಯೋಜನ’, ‘ನಿಮಗೆಲ್ಲ ನಾನೊಂದು ಹೊರೆ’ ಎಂಬ ಮಾತು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಲೆಕ್ಕಪತ್ರ ಒಪ್ಪಿಸುವುದು, ಕರೆ ಮಾಡಿದರೂ ಎತ್ತದಿರುವುದು, ಕುಡಿತ ಹೆಚ್ಚುವುದು, ಮಾತ್ರೆಗಳನ್ನು ತಾನಾಗಿಯೇ ನಿಲ್ಲಿಸುವುದು. ಬೈಪೋಲಾರ್‌ನಲ್ಲಿ ಇನ್ನೂ ಮೂರು ಹೊತ್ತು ಎಚ್ಚರ ಬೇಕು. ಮನಸ್ಸು ಕುಗ್ಗಿದ್ದರೂ ಮೈಯಲ್ಲಿ ಚಡಪಡಿಕೆ, ಸಿಡುಕು, ನಿದ್ರಾಹೀನತೆ ಒಟ್ಟಿಗೇ ಸೇರಿದಾಗ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ. ತೀರಾ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾದಾಗ. ಆ ಶಾಂತಿಯನ್ನು ಗುಣವಾಯಿತೆಂದು ನಂಬಿ ಕೈಬಿಡಬಾರದು.

ಇಂತಹವರನ್ನು ಕಂಡಾಗ ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಚೇರಿಯಲ್ಲಿ ಹಿಂದಿ, ಮರಾಠಿಯಲ್ಲಿ ದಿನ ಕಳೆಯುವವರಿಗೆ ತಾಯ್ನುಡಿಯ ಒಂದು ಪ್ರಶ್ನೆ ಬಾಗಿಲು ತೆರೆದಂತೆ. ‘ಹೌದು’ ಎಂದರೆ ಉಪದೇಶ ಬೇಡ. ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಔಷಧಿ ಮುಂತಾದ ಅಪಾಯದ ವಸ್ತುಗಳನ್ನು ಬೇರೆಯವರ ವಶಕ್ಕೆ ಕೊಟ್ಟು, ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಸಸೂನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ತುರ್ತಿದ್ದರೆ 112. ಪೊಲೀಸರ ಭಯದಿಂದ ಮುಚ್ಚಿಡುವ ಅಗತ್ಯವಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಚಿಕಿತ್ಸೆಯಿಂದ ಈ ಕಾಯಿಲೆ ಹತೋಟಿಗೆ ಬರುತ್ತದೆ. ಲಿಥಿಯಂ ಮಾತ್ರೆ ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಆದರೆ ಕಾಲಕಾಲಕ್ಕೆ ರಕ್ತ ಪರೀಕ್ಷೆ ಬೇಕು, ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ನಮ್ಮ ಸಂಘಗಳು ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಅರಸಿನ ಕುಂಕುಮ ಕಾರ್ಯಕ್ರಮದಲ್ಲೋ ವಾರ್ಷಿಕೋತ್ಸವದಲ್ಲೋ ಮನೋವೈದ್ಯರೊಬ್ಬರಿಗೆ ಅರ್ಧ ಗಂಟೆ ಕೊಡಲಿ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ 14416 ಅಚ್ಚಾಗಲಿ. ಎರಡು ಸಭೆಗೆ ಬಾರದ ಸದಸ್ಯರ ಮನೆಗೆ ಪದಾಧಿಕಾರಿಯೊಬ್ಬರು ಹೋಗಿ ಬರಲಿ. ಸತ್ತ ಮೇಲೆ ಸಂತಾಪ ಸಭೆ ಕರೆಯುವುದಕ್ಕಿಂತ, ಬದುಕಿರುವಾಗ ಬಾಗಿಲು ತಟ್ಟುವುದು ಸಂಘದ ನಿಜವಾದ ಸೇವೆ.