ಬರ ಬಂದಿರುವುದು ಚಾಲಕರಿಗಲ್ಲ, ಕೂಲಿಗೆ

ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಲಾರಿ ಓಡಿಸುವ ಕೆಲಸ ಹುಡುಕುವುದು ಕಷ್ಟವಲ್ಲ. ಅನುಭವ ಬೇಕಿಲ್ಲ, ತರಬೇತಿ ನಾವೇ ಕೊಡುತ್ತೇವೆ, ಕೈಯಿಂದ ದುಡ್ಡು ಹಾಕಬೇಕಿಲ್ಲ, ಮನಸ್ಸು ಮಾಡಿದರೆ ನೀವೇ ಲಾರಿ ಮಾಲೀಕರಾಗಬಹುದು ಎನ್ನುವ ಜಾಹೀರಾತುಗಳು ಅಲ್ಲಿ ವರ್ಷವಿಡೀ ಇರುತ್ತವೆ. ಕೆಲಸ ಇಷ್ಟು ಸಲೀಸಾಗಿ ಸಿಗುವ ಊರಿನಲ್ಲಿ ಸೇರಿದವರು ವರ್ಷ ತುಂಬುವ ಮೊದಲೇ ಯಾಕೆ ಬಿಟ್ಟುಹೋಗುತ್ತಾರೆ? ದೊಡ್ಡ ಸಾಗಣೆ ಕಂಪನಿಗಳು ಈ ಪ್ರಶ್ನೆಗೆ ನೇರ ಉತ್ತರ ಕೊಡದೆ, ದೇಶದಲ್ಲಿ ಚಾಲಕರೇ ಇಲ್ಲ ಎಂದು ಎರಡು ದಶಕಗಳಿಂದ ಹೇಳುತ್ತಾ ಬಂದಿವೆ. ಆ ಮಾತು ಸುಳ್ಳು. ಅದನ್ನು ನಂಬಿ ಸರ್ಕಾರ ಮಾಡುವ ನಿಯಮಗಳಿಂದ ಪೆಟ್ಟು ತಿನ್ನುವವರು ಸ್ಟಿಯರಿಂಗ್ ಹಿಡಿದವರು, ಮತ್ತು ಅದೇ ರಸ್ತೆಯಲ್ಲಿ ಓಡಾಡುವ ಉಳಿದವರು.

ಊರಿನ ಜಾಗವೇ ಅಂಥದ್ದು. ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಕೆನಡಾದ ಗಡಿಯವರೆಗೆ ಹೋಗುವ ಐ-15 ಹೆದ್ದಾರಿಯೂ ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್‌ನ ಹೊಸಿಲವರೆಗೆ ಹೋಗುವ ಐ-80 ಹೆದ್ದಾರಿಯೂ ಕೂಡುವುದು ಇಲ್ಲಿ. ಪೋರ್ಟ್‌ಲ್ಯಾಂಡ್ ಕಡೆಯ ಐ-84 ಸ್ವಲ್ಪ ಉತ್ತರಕ್ಕಿದೆ. 1869ರ ಮೇ 10ರಂದು ಅಮೆರಿಕದ ಎರಡು ತುದಿಗಳ ರೈಲುಹಳಿಗಳನ್ನು ಬೆಸೆದ ಪ್ರೊಮೊಂಟರಿ ಕೂಡ ಇದೇ ಸೀಮೆಯದು. 2018ರಲ್ಲಿ ರಾಜ್ಯ ಸರ್ಕಾರ ಇಲ್ಲಿ ಒಳನಾಡು ಬಂದರು ಕಟ್ಟಲು ಪ್ರಾಧಿಕಾರವನ್ನೇ ರಚಿಸಿತು. ಪೆಸಿಫಿಕ್ ಬಂದರುಗಳ ಸರಕು ರಾಕಿ ಪರ್ವತ ದಾಟಿ ಪೂರ್ವಕ್ಕೆ ಹೋಗುವ ದಾರಿಯಲ್ಲಿ ಈ ಕಣಿವೆ ಒಂದು ದೊಡ್ಡ ತಂಗುದಾಣ. ಶೀತಲ ಸರಕು ಸಾಗಣೆಗೆ ಹೆಸರಾದ, 1920ರಲ್ಲಿ ಶುರುವಾದ ಸಿ.ಆರ್. ಇಂಗ್ಲೆಂಡ್‌ನಂಥ ಕಂಪನಿಗಳು ಬೆಳೆದದ್ದೂ ಇಲ್ಲೇ.

'ಚಾಲಕರ ಕೊರತೆ'ಯ ಲೆಕ್ಕ ಬರುವುದು ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್ ಎಂಬ ಮಾಲೀಕರ ಒಕ್ಕೂಟದಿಂದ. 2005ರಲ್ಲಿ 20,000 ಚಾಲಕರು ಕಡಿಮೆ ಇದ್ದಾರೆ ಎಂದ ಒಕ್ಕೂಟ 2021ರಲ್ಲಿ ಆ ಸಂಖ್ಯೆಯನ್ನು 80,000ಕ್ಕೆ ಏರಿಸಿತು. 2030ರ ಹೊತ್ತಿಗೆ 1,60,000 ದಾಟಬಹುದು ಎಂದಿತು. ಆದರೆ ಅದೇ ಒಕ್ಕೂಟ ಪ್ರಕಟಿಸುತ್ತಾ ಬಂದ ಇನ್ನೊಂದು ಲೆಕ್ಕವಿದೆ. ದೂರದೂರಿಗೆ ಲಾರಿ ತುಂಬ ಸರಕು ಒಯ್ಯುವ ದೊಡ್ಡ ಕಂಪನಿಗಳಲ್ಲಿ ಚಾಲಕರು ಕೆಲಸ ಬಿಟ್ಟು ಬದಲಾಗುವ ಪ್ರಮಾಣ ಹಲವು ವರ್ಷ ಶೇ. 90ರ ಆಸುಪಾಸಿನಲ್ಲಿತ್ತು. ಎಂದರೆ ನೂರು ಸೀಟುಗಳಿಗೆ ವರ್ಷಕ್ಕೆ ತೊಂಬತ್ತು ಸಲ ಹೊಸಬರನ್ನು ಹುಡುಕಬೇಕು. ಹಲವರ ಸಣ್ಣಪುಟ್ಟ ಸರಕನ್ನು ಕೂಡಿಸಿ ಒಯ್ಯುವ ಕಂಪನಿಗಳಲ್ಲಿ ಈ ಪ್ರಮಾಣ ಅದರ ಒಂದು ಸಣ್ಣ ಪಾಲು ಮಾತ್ರ. ಲೈಸೆನ್ಸ್ ಅದೇ, ಹೆದ್ದಾರಿ ಅದೇ, ಹಿಮವೂ ಅದೇ. ಒಂದು ಕಡೆ ಜನ ನಿಲ್ಲುತ್ತಾರೆ, ಇನ್ನೊಂದು ಕಡೆ ನಿಲ್ಲುವುದಿಲ್ಲ.

ಅರ್ಥಶಾಸ್ತ್ರಜ್ಞರಾದ ಸ್ಟೀಫನ್ ಬರ್ಕ್ಸ್ ಮತ್ತು ಕ್ರಿಸ್ಟೆನ್ ಮೊನಾಕೊ 2019ರಲ್ಲಿ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ನಿಯತಕಾಲಿಕದಲ್ಲಿ ಈ ವಿಷಯವನ್ನು ಪರಿಶೀಲಿಸಿದರು. ಚಾಲಕರ ಮಾರುಕಟ್ಟೆ ಉಳಿದ ಉದ್ಯೋಗಗಳ ಮಾರುಕಟ್ಟೆಯಂತೆಯೇ ಕೆಲಸ ಮಾಡುತ್ತದೆ, ಕೂಲಿ ಏರಿದರೆ ಜನ ಬರುತ್ತಾರೆ ಎಂಬುದು ಅವರ ನಿಲುವು. ಇದಕ್ಕಿಂತ ದೊಡ್ಡ ಪುರಾವೆಯನ್ನು 2023ರ ಬೇಸಿಗೆ ಒದಗಿಸಿತು. ಯೆಲ್ಲೊ ಎಂಬ ಹಳೆಯ ಸಾಗಣೆ ಕಂಪನಿ ದಿವಾಳಿಯೆದ್ದು ಸುಮಾರು 30,000 ಜನ ಕೆಲಸ ಕಳೆದುಕೊಂಡರು. ದೇಶದ ಸರಕು ಎಲ್ಲೂ ಕೊಳೆತು ಬಿದ್ದಿರಲಿಲ್ಲ.

ಸಾಲ್ಟ್ ಲೇಕ್‌ನಲ್ಲಿ ಹೊಸ ಲೈಸೆನ್ಸ್ ಹಿಡಿದು ನಿಂತವರಿಗೆ ಒಳ್ಳೆಯ ಕೆಲಸ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ರಾತ್ರಿ ಮನೆಗೆ ಬರುವ, ಗಂಟೆ ಲೆಕ್ಕದಲ್ಲಿ ಕೂಲಿ ಕೊಡುವ ಸ್ಥಳೀಯ ಕೆಲಸಗಳಿಗೆ ಸಾಮಾನ್ಯವಾಗಿ ಒಂದೆರಡು ವರ್ಷದ ಅನುಭವ ಕೇಳುತ್ತಾರೆ. ಅನುಭವವಿಲ್ಲದವರಿಗೆ ವಿಮೆ ದುಬಾರಿ ಎಂಬುದು ಕಾರಣ. ಪಾರ್ಸೆಲ್ ಒಯ್ಯುವ ಯುಪಿಎಸ್ ಕಂಪನಿಯ ಚಾಲಕರಿಗೆ ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘಟನೆ 2023ರಲ್ಲಿ ಮಾಡಿಸಿದ ಒಪ್ಪಂದದ ಪ್ರಕಾರ ಪೂರ್ಣಾವಧಿ ಚಾಲಕರ ಸರಾಸರಿ ಗರಿಷ್ಠ ಕೂಲಿ ಒಪ್ಪಂದದ ಕೊನೆಗೆ ಗಂಟೆಗೆ ಸುಮಾರು 49 ಡಾಲರ್ ಮುಟ್ಟುತ್ತದೆ. ಅಲ್ಲಿ ಚಾಲಕರಿಲ್ಲ ಎಂದು ಯಾರೂ ಅಳುತ್ತಿಲ್ಲ. ಹೊಸಬರಿಗೆ ತೆರೆದಿರುವ ಬಾಗಿಲು ಒಂದೇ: ವಾರಗಟ್ಟಲೆ ಮನೆ ಬಿಟ್ಟು, ಕ್ಯಾಬಿನ್‌ನಲ್ಲೇ ಮಲಗಿ, ಮೈಲಿ ಲೆಕ್ಕದಲ್ಲಿ ದುಡಿಯುವ ದೂರದ ಓಟ.

ಈ ಮೈಲಿ ಲೆಕ್ಕದಲ್ಲೇ ಎಲ್ಲ ಅನ್ಯಾಯದ ಬೇರಿದೆ. ಚಕ್ರ ಉರುಳಿದರೆ ದುಡ್ಡು, ನಿಂತರೆ ಇಲ್ಲ. ಅಮೆರಿಕದ ನಿಯಮದ ಪ್ರಕಾರ ಚಾಲಕರು 14 ಗಂಟೆಯ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಆ 14 ಗಂಟೆಯ ಗಡಿಯಾರ ಒಮ್ಮೆ ಶುರುವಾದರೆ ಗೋದಾಮಿನ ಮುಂದೆ ಸರತಿಯಲ್ಲಿ ನಿಂತಾಗಲೂ ಓಡುತ್ತಲೇ ಇರುತ್ತದೆ. ನಮ್ಮ ಲಾರಿಯವರು ಹಾಲ್ಟಿಂಗ್ ಎನ್ನುವ ಈ ಕಾಯುವಿಕೆಗೆ ಅಲ್ಲಿಯೂ ಒಂದಿಷ್ಟು ದುಡ್ಡು ಕೊಡುವ ಪದ್ಧತಿ ಇದೆ, ಆದರೆ ಮೊದಲ ಎರಡು ಗಂಟೆಗೆ ಸಾಮಾನ್ಯವಾಗಿ ಏನೂ ಇಲ್ಲ, ಆಮೇಲೆ ಬರುವುದೂ ಎಲ್ಲ ಸಲ ಚಾಲಕರ ಕೈ ಸೇರುವುದಿಲ್ಲ. ಅಮೆರಿಕದ ಸಾರಿಗೆ ಇಲಾಖೆಯ ಮಹಾ ಪರಿವೀಕ್ಷಕರ ಕಚೇರಿ 2018ರಲ್ಲಿ ಲೆಕ್ಕ ಹಾಕಿದಂತೆ ಇದರಿಂದ ಚಾಲಕರು ವರ್ಷಕ್ಕೆ ಕಳೆದುಕೊಳ್ಳುವ ಗಳಿಕೆ 110 ಕೋಟಿಯಿಂದ 130 ಕೋಟಿ ಡಾಲರ್. ಕಾಯುವ ಸಮಯ ಸರಾಸರಿ 15 ನಿಮಿಷ ಹೆಚ್ಚಿದರೆ ಅಪಘಾತದ ಪ್ರಮಾಣ ಶೇ. 6.2ರಷ್ಟು ಏರುತ್ತದೆ ಎಂದೂ ಆ ವರದಿ ಅಂದಾಜು ಮಾಡಿತು. ಕಳೆದುಹೋದ ಹೊತ್ತನ್ನು ಹಿಡಿಯಲು ಚಾಲಕರು ರಸ್ತೆಯಲ್ಲಿ ಅವಸರ ಮಾಡುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ.

ಬೆಟ್ಟದ ಸೀಮೆಯಲ್ಲಿ ಈ ನಷ್ಟ ಇನ್ನೂ ಹೆಚ್ಚು. ಸಾಲ್ಟ್ ಲೇಕ್‌ನಿಂದ ಪೂರ್ವಕ್ಕೆ ಹೊರಟ ಲಾರಿ ಚಳಿಗಾಲದಲ್ಲಿ ವ್ಯೋಮಿಂಗ್ ರಾಜ್ಯದ ಬಯಲಿನ ಗಾಳಿಯನ್ನೂ ಹಿಮವನ್ನೂ ದಾಟಬೇಕು. ಗಾಳಿ ಜೋರಾದರೆ ಐ-80 ಮುಚ್ಚುತ್ತದೆ. ಇವಾನ್‌ಸ್ಟನ್, ರಾಕ್ ಸ್ಪ್ರಿಂಗ್ಸ್, ರಾಲಿನ್ಸ್ ಊರುಗಳ ಟ್ರಕ್ ನಿಲ್ದಾಣಗಳಲ್ಲಿ ಲಾರಿಗಳು ಸಾಲುಗಟ್ಟುತ್ತವೆ. ರಸ್ತೆ ಮುಚ್ಚಿದ್ದು ಚಾಲಕರ ತಪ್ಪಲ್ಲ, ಆದರೂ ಆ ದಿನದ ಮೈಲಿ ಸೊನ್ನೆ. ವಾರಕ್ಕೆ 2,500 ಮೈಲಿ, ಮೈಲಿಗೆ 55 ಸೆಂಟ್ ಎಂದು ಲೆಕ್ಕಕ್ಕೆ ಹಿಡಿದರೆ 1,375 ಡಾಲರ್ ಆಗುತ್ತದೆ. ಕೆಲಸದ 70 ಗಂಟೆಗೆ ಅದನ್ನು ಹಂಚಿದರೆ ಗಂಟೆಗೆ 20 ಡಾಲರ್ ಕೂಡ ಇಲ್ಲ. ಹಿಮದ ವಾರದಲ್ಲಿ ಅದರಲ್ಲೂ ಕಡಿತ. ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಿಸುವ 1938ರ ಕಾಯ್ದೆ ಲಾರಿ ಚಾಲಕರನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ. ಎಂಟು ದಶಕ ದಾಟಿದರೂ ಆ ವಿನಾಯಿತಿ ಹಾಗೇ ಇದೆ.

ತರಬೇತಿಯ ಸ್ಥಿತಿ ನೋಡಿದರೆ ಎದೆ ನಡುಗುತ್ತದೆ. ಊರಿನ ಪೂರ್ವಕ್ಕೆ ಪಾರ್ಲೀಸ್ ಕಣಿವೆಯಿದೆ. ಸುಮಾರು 7,000 ಅಡಿ ಎತ್ತರದ ನೆತ್ತಿಯಿಂದ ಐ-80 ಕೆಲವೇ ಮೈಲಿಗಳಲ್ಲಿ 4,000 ಚಿಲ್ಲರೆ ಅಡಿಯ ಊರಿಗೆ ಇಳಿಯುತ್ತದೆ. ಬ್ರೇಕ್ ಕಾದು ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ತುರ್ತು ಏರುದಾರಿ ಕಟ್ಟಿದ್ದಾರೆ. ಪೂರ್ತಿ ತುಂಬಿದ ಲಾರಿಯ ತೂಕ 36 ಟನ್. ಈ ಘಾಟಿಯನ್ನು ಕೆಳ ಗೇರಿನಲ್ಲಿ, ಎಂಜಿನ್ ಬ್ರೇಕ್ ಹಿಡಿದು, ಕಾಲಿನ ಬ್ರೇಕ್ ಕಾಯದಂತೆ ಇಳಿಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಆದರೆ 2022ರ ಫೆಬ್ರವರಿ 7ರಿಂದ ಜಾರಿಯಾದ ಕೇಂದ್ರದ ತರಬೇತಿ ನಿಯಮದಲ್ಲಿ, ಹೊಸಬರು ಕನಿಷ್ಠ ಇಷ್ಟು ಗಂಟೆ ಸ್ಟಿಯರಿಂಗ್ ಹಿಡಿದಿರಲೇಬೇಕು ಎಂಬ ಮಿತಿ ಇಲ್ಲ. ಬೋಧಕರು ಸಾಕು ಎಂದರೆ ಸಾಕು. ತಿಂಗಳೊಳಗೆ ಲೈಸೆನ್ಸ್ ಕೊಡಿಸುವ ಶಾಲೆಗಳು ಅದಕ್ಕೇ ಇವೆ. ಲೈಸೆನ್ಸ್ ಕಾರ್ಡ್ ಕೈಗೆ ಬರುವ ಮೊದಲು, ಪರೀಕ್ಷೆ ಪಾಸಾದ ಕಲಿಕೆದಾರರು ಓಡಿಸುವಾಗ ಅನುಭವಿ ಚಾಲಕರು ಪಕ್ಕದ ಸೀಟಿನಲ್ಲೇ ಕೂರಬೇಕೆಂಬ ನಿಯಮದಿಂದಲೂ 2015ರಲ್ಲಿ ಸಿ.ಆರ್. ಇಂಗ್ಲೆಂಡ್‌ಗೆ ವಿನಾಯಿತಿ ಸಿಕ್ಕಿತು. ಕಾರ್ಡ್ ಪಡೆಯಲು ತಮ್ಮ ರಾಜ್ಯಕ್ಕೆ ಹೋಗಿಬರುವ ಹೊತ್ತು ದಂಡವಾಗಬಾರದು ಎಂಬುದು ಕೋರಿಕೆಯ ಹಿಂದಿನ ವಾದ. ಚಾಲಕರ ಕೊರತೆ ಎಂಬ ಕೂಗು ಹೀಗೆ ಒಂದೊಂದೇ ನಿಯಮವನ್ನು ಸಡಿಲಿಸುತ್ತದೆ.

ಇನ್ನು 'ನೀವೇ ಮಾಲೀಕರಾಗಿ' ಎಂಬ ಆಮಿಷ. ಕಂಪನಿಯ ಲಾರಿಯನ್ನು ಚಾಲಕರು ಭೋಗ್ಯಕ್ಕೆ ಪಡೆದು ವಾರವಾರ ಕಂತು ಕಟ್ಟಬೇಕು. ಡೀಸೆಲ್, ವಿಮೆ, ರಿಪೇರಿ ಎಲ್ಲ ಅವರದೇ. ಕೆಲಸ ಕೊಡುವುದು, ಬಿಡುವುದು ಮಾತ್ರ ಕಂಪನಿಯ ಕೈಯಲ್ಲಿ. ಒಂದು ವಾರ ಲೋಡ್ ಕಡಿಮೆಯಾದರೆ ದುಡಿದವರೇ ಬಾಕಿದಾರರಾಗುತ್ತಾರೆ. ಇದು ಯಾರೋ ಅತೃಪ್ತರ ದೂರು ಮಾತ್ರವಲ್ಲ. ನ್ಯೂ ಪ್ರೈಮ್ ಎಂಬ ಕಂಪನಿಯ ವಿರುದ್ಧ ಚಾಲಕರೊಬ್ಬರು ಹೂಡಿದ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ತರಬೇತಿಯ ಹೆಸರಿನಲ್ಲಿ 10,000 ಮೈಲಿ ಕೂಲಿಯಿಲ್ಲದೆ ಓಡಿಸಿದೆ, ಮುಂದಿನ 30,000 ಮೈಲಿಗೆ ಸಿಕ್ಕಿದ್ದು ಗಂಟೆಗೆ ನಾಲ್ಕು ಡಾಲರ್‌ನಷ್ಟು ಎಂಬುದು ಅವರ ಆರೋಪ. ನೀವು ನೌಕರರಲ್ಲ, ಗುತ್ತಿಗೆದಾರರು, ಕೋರ್ಟಿಗೆ ಬರುವಂತಿಲ್ಲ, ಖಾಸಗಿ ಪಂಚಾಯ್ತಿಗೆ ಹೋಗಿ ಎಂದು ಕಂಪನಿ ವಾದಿಸಿತು. 2019ರ ಜನವರಿಯಲ್ಲಿ ನ್ಯಾಯಮೂರ್ತಿಗಳು ಭಿನ್ನಮತವಿಲ್ಲದೆ ಚಾಲಕರ ಪರ ತೀರ್ಪಿತ್ತರು. ಅದೇ ವರ್ಷ ಅರಿಜೋನದ ಸ್ವಿಫ್ಟ್ ಕಂಪನಿ ಇಂಥದೇ ದಾವೆಯನ್ನು 10 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಈ ಭೋಗ್ಯ ಯೋಜನೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರವೇ ನೇಮಿಸಿದ ಕಾರ್ಯಪಡೆ 2025ರ ಜನವರಿಯಲ್ಲಿ ಕೊಟ್ಟ ಸಲಹೆ, ಇವನ್ನು ಪೂರ್ತಿ ನಿಷೇಧಿಸಿ ಎಂಬುದು. ಸುಧಾರಿಸಿ ಎಂದಲ್ಲ, ನಿಷೇಧಿಸಿ ಎಂದು.

ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳಲಾಗದು. ಚಾಲಕರಿಗೆ ವಯಸ್ಸಾಗುತ್ತಿದೆ, ರಾಜ್ಯದ ಗಡಿ ದಾಟಲು 21 ತುಂಬಿರಬೇಕು, ಮನೆ ಬಿಟ್ಟಿರುವ ಬದುಕು ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ಈ ಎಲ್ಲ ಕಾರಣಗಳೂ ಹೇಳುವುದು ಕೂಲಿ ಹೆಚ್ಚಿಸಿ ಎಂದೇ. ಅದನ್ನು ಬಿಟ್ಟು ಇನ್ನೂ ಎಳೆಯರನ್ನು ತನ್ನಿ ಎಂಬ ದಾರಿ ಹಿಡಿದರು. 2021ರ ಮೂಲಸೌಕರ್ಯ ಕಾಯ್ದೆಯಡಿ 18ರಿಂದ 20 ವರ್ಷದವರನ್ನು ಅಂತರರಾಜ್ಯ ಹೆದ್ದಾರಿಗೆ ಇಳಿಸುವ ಪ್ರಾಯೋಗಿಕ ಯೋಜನೆಯೇ ಬಂತು.

2025ರಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಜೂನ್ 25ರಿಂದ ಇಂಗ್ಲಿಷ್ ಸಾಕಷ್ಟು ಬರದ ಚಾಲಕರನ್ನು ರಸ್ತೆಯಲ್ಲೇ ಕೆಲಸದಿಂದ ಇಳಿಸುವ ಆದೇಶ ಜಾರಿಯಾಯಿತು. ಸೆಪ್ಟೆಂಬರ್‌ನಲ್ಲಿ ತಾತ್ಕಾಲಿಕ ವಾಸದ ವಿದೇಶಿಯರಿಗೆ ಲೈಸೆನ್ಸ್ ಕೊಡುವ ನಿಯಮ ಬಿಗಿಯಾಯಿತು. ಅಂಥ ಸುಮಾರು 2,00,000 ಜನರಲ್ಲಿ ಬಹುಪಾಲು ಮಂದಿ ಕಾಲಕ್ರಮದಲ್ಲಿ ಹೊರಬೀಳುತ್ತಾರೆ ಎಂದು ಸರ್ಕಾರವೇ ಅಂದಾಜು ಮಾಡಿತು. ಪಶ್ಚಿಮದ ಹೆದ್ದಾರಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಪಂಜಾಬಿ ಚಾಲಕರಿಗೆ ಇದರ ಬಿಸಿ ನೇರವಾಗಿ ತಟ್ಟಿತು. ಚಾಲಕರೇ ಇಲ್ಲ ಎಂದು ಇಪ್ಪತ್ತು ವರ್ಷ ಕೂಗಿದ ದೇಶ ಇಷ್ಟು ಜನ ಹೋದರೂ ಸರಕಿಗೆ ತೊಂದರೆಯಿಲ್ಲ ಎಂದು ಹೇಳುವುದಾದರೆ, ಎರಡರಲ್ಲಿ ಒಂದು ಮಾತು ನಿಜವಾಗಿರಲಾರದು. ಹೆದ್ದಾರಿಯ ಸುರಕ್ಷತೆ ಮುಖ್ಯವೆಂದಾದರೆ ತರಬೇತಿಯ ಗಂಟೆಗಳನ್ನು ಮೊದಲು ನಿಗದಿ ಮಾಡಬೇಕಿತ್ತು. ಆ ನಿಯಮ ಅಲ್ಲಿ ಹುಟ್ಟಿದವರಿಗೂ ಹೊರಗಿಂದ ಬಂದವರಿಗೂ ಒಂದೇ ಆಗಿರುತ್ತಿತ್ತು.

ಭಾರತದಲ್ಲೂ ಲಾರಿ ಮಾಲೀಕರು ಚಾಲಕರು ಸಿಗುತ್ತಿಲ್ಲ ಎನ್ನುತ್ತಾರೆ. ಟ್ರಿಪ್ಪಿಗಿಷ್ಟು ಬಾಟಾ ಎಂಬ ಲೆಕ್ಕ ಮೈಲಿ ಲೆಕ್ಕಕ್ಕೆ ದೂರದ್ದಲ್ಲ. ಆದರೂ ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂಬ ಮಾತು ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿತ್ತು. ಪಾಲನೆ ಎಷ್ಟಾಯಿತು ಎಂಬುದು ಲಾರಿ ಓಡಿಸಿದವರಿಗೆ ಗೊತ್ತು. ಅಮೆರಿಕದಲ್ಲಿ ಅದು ಕಾಗದದ ಮೇಲೂ ಇಲ್ಲ.

ಅದನ್ನು ಕಾಗದಕ್ಕೆ ತರುವ ಮಸೂದೆಯೊಂದನ್ನು ಅಲ್ಲಿನ ಸಂಸತ್ತಿನಲ್ಲಿ 2022ರಲ್ಲಿ ಮಂಡಿಸಿದರು. 1938ರ ಕಾಯ್ದೆಯ ವಿನಾಯಿತಿಯನ್ನು ಅಳಿಸಿ ಚಾಲಕರಿಗೂ ಹೆಚ್ಚುವರಿ ಕೂಲಿ ಕೊಡಿಸುವುದಷ್ಟೇ ಅದರ ಉದ್ದೇಶ. ಅದು ಅಂಗೀಕಾರವಾಗದೆ, 2023ರಲ್ಲಿ ಎರಡೂ ಪಕ್ಷಗಳ ಸದಸ್ಯರು ಸೇರಿ ಮತ್ತೆ ತಂದರು. ಸ್ವಂತ ಲಾರಿಯುಳ್ಳ ಸ್ವತಂತ್ರ ಚಾಲಕರ ಸಂಘವೂ ಟೀಮ್‌ಸ್ಟರ್ಸ್ ಸಂಘಟನೆಯೂ ಬೆಂಬಲಿಸಿದವು. ಗೋದಾಮಿನ ಮುಂದೆ ಕಾಯುವ ಗಂಟೆಗೆ ಬೆಲೆ ಬಂದರೆ ಕಾಯಿಸುವವರು ತಾವಾಗಿಯೇ ಬೇಗ ಲೋಡ್ ಇಳಿಸಿಕೊಳ್ಳುತ್ತಾರೆ ಎಂಬುದು ಅವರ ವಾದ, ಅದು ಸರಿಯಾದ ವಾದ. ಎದುರು ನಿಂತದ್ದು ಅಮೆರಿಕನ್ ಟ್ರಕಿಂಗ್ ಅಸೋಸಿಯೇಷನ್ಸ್. ಎಂಬತ್ತು ಸಾವಿರ ಚಾಲಕರು ಬೇಕು ಎಂದು ದೇಶಕ್ಕೆ ಲೆಕ್ಕ ಕೊಟ್ಟದ್ದೂ ಅದೇ ಒಕ್ಕೂಟ.